ಓಗಿಮಿಯ ಆಯಸ್ಸು ಬೇಕು, ಚರಿತ್ರೆ ಬೇಡ

ಒಕಿನಾವಾ ದ್ವೀಪದ ಉತ್ತರದಲ್ಲಿರುವ ಓಗಿಮಿ ಎಂಬ ಹಳ್ಳಿಯನ್ನು ಜಗತ್ತಿನ ಓದುಗರು ಈಗ ಜಪಾನೀ ಮನಸ್ಸಿನ ಮಾದರಿಯೆಂದೇ ತಿಳಿದಿದ್ದಾರೆ. ಇದಕ್ಕೆ ಮುಖ್ಯ ಕಾರಣ 'ಇಕಿಗಾಯ್' ಎಂಬ ಪುಸ್ತಕ. ಎಕ್ಟರ್ ಗಾರ್ಸಿಯಾ ಮತ್ತು ಫ್ರಾನ್ಸೆಸ್ಕ್ ಮಿರಾಲ್ಯೆಸ್ ಎಂಬ ಇಬ್ಬರು ಸ್ಪೇನ್ ಲೇಖಕರು ಓಗಿಮಿಯ ಹಣ್ಣುಹಣ್ಣು ಮುದುಕರನ್ನು ಮಾತಾಡಿಸಿ ಬರೆದ ಇದು 2016ರಲ್ಲಿ ಬಂತು. ಬೆಂಗಳೂರಿನ ಪುಸ್ತಕದಂಗಡಿಗಳಲ್ಲೂ ಇದನ್ನು ಹುಡುಕಬೇಕಾಗಿಲ್ಲ, ಎದುರು ಸಾಲಿನಲ್ಲೇ ಇರುತ್ತದೆ. ತೋಟದ ಕೆಲಸ, ಗೆಳೆಯರ ಬಳಗ, ಹೊಟ್ಟೆ ಬಿರಿಯುವ ಮೊದಲೇ ಊಟ ಮುಗಿಸುವ ಅಭ್ಯಾಸ. ಇವೆಲ್ಲ ನಿಜ, ಒಳ್ಳೆಯವು. ತಕರಾರು ಇರುವುದು ಈ ಬದುಕಿಗೆ 'ಜಪಾನೀ ರಹಸ್ಯ' ಎಂದು ಮುಖಪುಟದಲ್ಲಿ ಹೆಸರಿಟ್ಟದ್ದಕ್ಕೆ. ಇಡೀ ಜಪಾನಿಗೆ ಒಂದೇ ಆತ್ಮವಿದೆ ಎನ್ನುವ ಪುಸ್ತಕಗಳು ಹೊಸವಲ್ಲ. ನಿತೊಬೆ ಇನಾಜೊ ಇಂಗ್ಲಿಷಿನಲ್ಲಿ ಬರೆದ 'ಬುಶಿದೊ' ಸಮುರಾಯ್‌ಗಳ ನೀತಿಯನ್ನು ಇಡೀ ದೇಶದ ಆತ್ಮವೆಂದಿತು. ರೂತ್ ಬೆನೆಡಿಕ್ಟ್ ಜಪಾನಿಗೆ ಕಾಲಿಡದೆಯೇ 1946ರಲ್ಲಿ 'ದಿ ಕ್ರಿಸಾಂಥಮಮ್ ಅಂಡ್ ದ ಸ್ವೋರ್ಡ್' ಪ್ರಕಟಿಸಿದರು. ಆದರೆ ಒಕಿನಾವಾದವರ ಆಯಸ್ಸನ್ನು ಜಪಾನಿನ ಖಾತೆಗೆ ಜಮಾ ಮಾಡುವವರು ಆ ಖಾತೆಯಲ್ಲಿ ಒಕಿನಾವಾಕ್ಕೆ ಸಲ್ಲಬೇಕಾದ ಬಾಕಿಯನ್ನೂ ಹೇಳಬೇಕು.

ಒಕಿನಾವಾ ಜಪಾನಿನ ಪ್ರಾಂತವಾದದ್ದು 1879ರಲ್ಲಿ. ತನ್ನದೇ ಅರಸ, ತನ್ನದೇ ಭಾಷೆಗಳಿದ್ದ ರ್ಯೂಕ್ಯೂ ರಾಜ್ಯವನ್ನು ಟೋಕಿಯೊ ಸರ್ಕಾರ ಆಗ ರದ್ದು ಮಾಡಿತು. ಅಲ್ಲಿನವರನ್ನು ಜಪಾನೀಯರನ್ನಾಗಿ ಮಾಡುವ ಕೆಲಸ ಶಾಲೆಗಳಲ್ಲಿ ನಡೆಯಿತು. ತರಗತಿಯಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಮರದ ಹಲಗೆಯೊಂದನ್ನು ನೇತುಹಾಕುತ್ತಿದ್ದರು. ಅದನ್ನು ಕಳಚಿಕೊಳ್ಳಬೇಕಾದರೆ ಆ ಮಗು ಮನೆಮಾತು ಆಡುವ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ಹಲಗೆ ಆಗ ಅದರ ಕೊರಳಿಗೆ ಹೋಗುತ್ತಿತ್ತು. ಪುಸ್ತಕದಲ್ಲಿ ಬರುವ ನೂರರ ಹಿರಿಯರು ಕಲಿತದ್ದು ಈ ಬಗೆಯ ಶಾಲೆಗಳ ಕಾಲದಲ್ಲಿ. 1945ರಲ್ಲಿ ಅವರಿಗೆ ಮೂವತ್ತರ ಆಸುಪಾಸು. ಆ ಏಪ್ರಿಲ್‌ನಲ್ಲಿ ದ್ವೀಪದ ಜಪಾನೀ ಸೇನೆ ಒಂದು ಆದೇಶ ಹೊರಡಿಸಿತು: ಒಕಿನಾವಾದ ಮಾತು ಆಡುವವರನ್ನು ಗೂಢಚಾರರೆಂದು ಶಿಕ್ಷಿಸಲಾಗುವುದು. ಮೇ ತಿಂಗಳಲ್ಲಿ ಅಮೆರಿಕನ್ ಪಡೆಯ ಕೈಗೆ ಸಿಕ್ಕಿದ್ದ ನಿರಾಶ್ರಿತರು ತೊನೊಕಿಯಾ ಎಂಬಲ್ಲಿ ಆ ಪಡೆ ಕೊಟ್ಟ ಆಹಾರದಲ್ಲಿ ದಿನ ದೂಡುತ್ತಿದ್ದರು. ಬೆಟ್ಟದಿಂದ ಇಳಿದುಬಂದ ಜಪಾನೀ ಸೈನಿಕರು ಗೂಢಚಾರರೆಂಬ ಗುಮಾನಿಯಲ್ಲಿ ಅವರ ಮೇಲೆ ಕೈಬಾಂಬು ಎಸೆದರು. ಸತ್ತವರು 30ಕ್ಕೂ ಹೆಚ್ಚು, ಅವರಲ್ಲಿ ಹೆಂಗಸರು ಮಕ್ಕಳೂ ಇದ್ದರು. ತೊನೊಕಿಯಾ ಇರುವುದು ಓಗಿಮಿಯಲ್ಲಿ. 'ಇಕಿಗಾಯ್'ನಲ್ಲಿ ಯುದ್ಧದ ಪ್ರಸ್ತಾಪವೇ ಇಲ್ಲವೆಂದಲ್ಲ. ಬರುತ್ತದೆ, ತೀರಾ ಚುಟುಕಾಗಿ. ಕೂಡಲೇ ಮಾತು ದ್ವೀಪದವರ ಸ್ನೇಹಪರತೆಯ ಕಡೆಗೆ ಹೊರಳುತ್ತದೆ. ಒಕಿನಾವಾದ ಜನರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಸತ್ತ ಯುದ್ಧಕ್ಕೆ ಇಷ್ಟು ಸಾಲದು. ಹಿರಿಯರ ಬದುಕಿಗೆ ಅರ್ಥ ಕೊಟ್ಟದ್ದು ಏನು ಎಂದು ಕೇಳಲು ಹೊರಟ ಪುಸ್ತಕಕ್ಕಂತೂ ಖಂಡಿತ ಸಾಲದು. ಓಗಿಮಿಯ ಕಿಜೊಕಾದಲ್ಲಿ ಬಾಳೆನಾರಿನ ಬಟ್ಟೆ ನೇಯುವ ಕಸುಬನ್ನು ಯುದ್ಧದ ನಂತರ ಮತ್ತೆ ಎತ್ತಿ ನಿಲ್ಲಿಸಿದವರು ತಾಯಿರಾ ತೊಶಿಕೊ. ಅವರು ಯುದ್ಧಕಾಲದಲ್ಲಿ ದೂರದ ಕುರಾಶಿಕಿಯ ಕಾರ್ಖಾನೆಗೆ ದುಡಿಯಲು ಹೋಗಿದ್ದ ಹುಡುಗಿ. ಮರಳಿ ಬಂದಾಗ, ಸೊಳ್ಳೆ ಹುಟ್ಟುತ್ತವೆಂದು ಅಮೆರಿಕನ್ ಪಡೆ ನಾರುಬಾಳೆಯನ್ನು ಕಡಿದುಹಾಕಿತ್ತು. ಗಿಡ ನೆಡುವುದರಿಂದಲೇ ಶುರುಮಾಡಿ, ಗಂಡಂದಿರನ್ನು ಯುದ್ಧದಲ್ಲಿ ಕಳೆದುಕೊಂಡ ಹೆಂಗಸರನ್ನು ಮಗ್ಗಕ್ಕೆ ಕೂರಿಸಿದರು. 2022ರಲ್ಲಿ 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ದೀರ್ಘಾಯುಸ್ಸನ್ನು ಕೊಂಡಾಡುವವರು ಕಡಿದುಹಾಕಿದ ಬಾಳೆಯನ್ನು ಬಿಟ್ಟು ಬರೆಯುವುದು ಅವರ ಶ್ರಮಕ್ಕೇ ಅನ್ಯಾಯ.

ಹೊರಗಿನವರನ್ನು ಮಾತ್ರ ದೂರುವಂತಿಲ್ಲ. 1945ರಲ್ಲಿ ಒಕಿನಾವಾ ಪ್ರಾಂತದ ತೊಕಾಶಿಕಿ, ಜಾಮಾಮಿ ದ್ವೀಪಗಳಲ್ಲಿ ಕುಟುಂಬಕ್ಕೆ ಕುಟುಂಬವೇ ಪ್ರಾಣ ಕಳೆದುಕೊಂಡಿತು. ಶತ್ರುವಿನ ಕೈಗೆ ಸಿಗಬೇಡಿ ಎಂದು ಅವರ ಕೈಗೆ ಕೈಬಾಂಬು ಕೊಟ್ಟದ್ದು ಜಪಾನೀ ಸೇನೆ. ಪ್ರೌಢಶಾಲೆಯ ಇತಿಹಾಸ ಪಠ್ಯಗಳಿಂದ ಸೇನೆಯ ಬಲವಂತದ ಮಾತನ್ನು ತೆಗೆಯಬೇಕೆಂದು ಶಿಕ್ಷಣ ಸಚಿವಾಲಯ 2007ರಲ್ಲಿ ಸೂಚಿಸಿತು. ಇದನ್ನು ವಿರೋಧಿಸಿ ಸೆಪ್ಟೆಂಬರ್‌ನಲ್ಲಿ ಒಕಿನಾವಾದ ಗಿನೊವಾನ್‌ನಲ್ಲಿ ಜನ ಸೇರಿದರು. ಸಂಘಟಕರ ಲೆಕ್ಕದಲ್ಲಿ 1 ಲಕ್ಷ 10 ಸಾವಿರ. ಡಿಸೆಂಬರ್ ಹೊತ್ತಿಗೆ ಸೇನೆಯ ಪಾತ್ರವಿತ್ತು ಎಂಬಷ್ಟು ಮರಳಿ ಬಂತು, ಬಲವಂತ ಮಾಡಿತು ಎಂಬ ನೇರ ಮಾತು ಬರಲಿಲ್ಲ. ಇದೇ ಸಾವುಗಳಿಗೆ ಸೇನೆಯನ್ನು ಹೊಣೆಮಾಡಿ 1970ರಲ್ಲಿ ಪುಸ್ತಕ ಬರೆದಿದ್ದ ಓಎ ಕೆಂಜಬುರೊ ಮೇಲೆ 2005ರಲ್ಲಿ ಮಾನನಷ್ಟ ಮೊಕದ್ದಮೆ ಬಿತ್ತು. ಸುಪ್ರೀಂ ಕೋರ್ಟಿನಲ್ಲಿ ಅವರ ಪರ ತೀರ್ಮಾನವಾಗಲು 2011 ಬರಬೇಕಾಯಿತು. ನೊಬೆಲ್ ಪಡೆದ ಲೇಖಕನ ಪಾಡೇ ಇದಾದರೆ, ಶಾಲೆಯ ಪಠ್ಯ ಬರೆಯುವವರು ಎಷ್ಟು ಧೈರ್ಯ ತೋರಿಯಾರು? ದೇಶದ ಹೊರಗೆ ಹೋಗುವ ಪುಸ್ತಕದಲ್ಲಿ ಒಕಿನಾವಾದವರ ಬದುಕು ಜಪಾನಿನದು. ದೇಶದೊಳಗಿನ ಮಕ್ಕಳ ಪುಸ್ತಕದಲ್ಲಿ ಅವರ ಸಾವಿಗೆ ಜಪಾನಿನ ನೇರ ಹೊಣೆಯಿಲ್ಲ. ಇವೆರಡನ್ನೂ ಒಟ್ಟಿಗೆ ಓದಬೇಕು.

ಒಕಿನಾವಾದ ಆಯಸ್ಸೂ ಮೊದಲಿನಂತಿಲ್ಲ. ಗಂಡಸರ ಸರಾಸರಿ ಆಯಸ್ಸಿನಲ್ಲಿ ಒಂದು ಕಾಲಕ್ಕೆ ಮುಂಚೂಣಿಯಲ್ಲಿದ್ದ ಈ ಪ್ರಾಂತ 2000ದಲ್ಲಿ 47 ಪ್ರಾಂತಗಳ ಪೈಕಿ 26ನೆಯ ಸ್ಥಾನಕ್ಕೆ ಕುಸಿಯಿತು. 1972ರವರೆಗೂ ನಡೆದ ಅಮೆರಿಕದ ಆಡಳಿತ ಅಲ್ಲಿನ ಊಟವನ್ನೇ ಬದಲಿಸಿಬಿಟ್ಟಿತ್ತು. ಜಪಾನಿನ ನೆಲದಲ್ಲಿ ಶೇ 0.6ರಷ್ಟಿರುವ ಒಕಿನಾವಾದ ಮೇಲೆ ಇಂದಿಗೂ ಆ ದೇಶದಲ್ಲಿರುವ ಅಮೆರಿಕನ್ ಸೇನಾ ನೆಲೆಗಳ ಸುಮಾರು ಶೇ 70ರಷ್ಟು ಭಾರವಿದೆ. ಇದನ್ನೆಲ್ಲ ಬರೆದವರು ಇಲ್ಲವೆಂದಲ್ಲ. ಒಶಿರೊ ತತ್ಸುಹಿರೊ 1967ರಲ್ಲಿ 'ಕಾಕ್‌ಟೇಲ್ ಪಾರ್ಟಿ' ಕೃತಿಗೆ ಅಕುತಾಗಾವಾ ಪ್ರಶಸ್ತಿ ಪಡೆದರು, ಒಕಿನಾವಾದ ಲೇಖಕರಲ್ಲಿ ಮೊದಲಿಗರಾಗಿ. ಉತ್ತರ ಒಕಿನಾವಾದವರೇ ಆದ ಮೆದೊರುಮಾ ಶುನ್ ಅದೇ ಪ್ರಶಸ್ತಿಯನ್ನು 1997ರಲ್ಲಿ ಪಡೆದರು. ಪ್ರಶಸ್ತಿ ಪಡೆದ ಅವರ ಕಥೆಯಲ್ಲಿ ಮುದುಕನೊಬ್ಬನ ಕಾಲು ಊದಿಕೊಂಡು ಹೆಬ್ಬೆರಳಿನಿಂದ ನೀರು ತೊಟ್ಟಿಕ್ಕುತ್ತದೆ. ಯುದ್ಧದಲ್ಲಿ ಅವನು ಗುಹೆಯೊಳಗೆ ಬಿಟ್ಟುಬಂದಿದ್ದ ಸೈನಿಕರು ರಾತ್ರಿ ಸಾಲುಗಟ್ಟಿ ಬಂದು ಅದನ್ನು ಕುಡಿಯುತ್ತಾರೆ. ಒಕಿನಾವಾದ ಹಿರಿಯನೊಬ್ಬನ ಒಳಗನ್ನು ಇಷ್ಟು ಹತ್ತಿರದಿಂದ ಕಂಡ ಬರಹ ಅಪರೂಪ. 'ಇಕಿಗಾಯ್' ಬಂದ 2016ರಲ್ಲೇ, ಓಗಿಮಿಯ ನೆರೆಯ ನಾಗೊ ನಗರದ ಹೆನೊಕೊ ಸಮುದ್ರದಲ್ಲಿ ಹೊಸ ಸೇನಾ ನೆಲೆಯ ಕಾಮಗಾರಿ ವಿರೋಧಿಸಿ ದೋಣಿಯಲ್ಲಿ ಹೋಗಿದ್ದ ಮೆದೊರುಮಾ ಅವರನ್ನು ಬಂಧಿಸಲಾಯಿತು. ಒಶಿರೊ, ಮೆದೊರುಮಾ ಅವರ ಈ ಎರಡೂ ಕೃತಿಗಳು ಇಂಗ್ಲಿಷಿನಲ್ಲಿ ಸಿಗುತ್ತವೆ. ಜಪಾನನ್ನು ಕನ್ನಡಕ್ಕೆ ತರಬಯಸುವ ಪ್ರಕಾಶಕರೂ ಅನುವಾದಕರೂ ಮುಂದಿನ ಸಲ ಇವನ್ನು ಕೈಗೆತ್ತಿಕೊಳ್ಳಲಿ.