ಬೇರನ್ ಗ್ರಾಂಟನ ಔದಾರ್ಯ

ಲಂಡನ್ನಿನ ಲೆಸ್ಟರ್ ಚೌಕದ ಉದ್ಯಾನವನ್ನು ಕೊಂಡು, ಅಲಂಕರಿಸಿ, 1874ರಲ್ಲಿ ಸಾರ್ವಜನಿಕರಿಗೆ ಧಾರೆಯೆರೆದವನು ಪಾರ್ಲಿಮೆಂಟ್ ಸದಸ್ಯ ಆಲ್ಬರ್ಟ್ ಗ್ರಾಂಟನೆಂದು ಅಲ್ಲಿಯ ಶೇಕ್ಸ್‌ಪಿಯರ್ ಪ್ರತಿಮೆಯ ಪೀಠವು ಸಾರುತ್ತದೆ. ಅದೇ ವರ್ಷ ಆತನ ಆಯ್ಕೆಯೇ ಅಸಿಂಧುವಾಯಿತೆಂಬುದು ಬೇರೆ ಮಾತು. ಡಬ್ಲಿನ್ನಿನಲ್ಲಿ ಗೋಟ್‌ಹೈಮರನಾಗಿ ಜನಿಸಿ, ಕಿಡರ್‌ಮಿನ್‌ಸ್ಟರಿನ ಪ್ರತಿನಿಧಿಯಾಗಿ, ಇಟಲಿಯ ದೊರೆಯಿಂದ ಬೇರನ್ ಪದವಿಯನ್ನೂ ಪಡೆದ ಈ ಮಹಾಶಯನು, 1871ರಲ್ಲಿ ಅಮೆರಿಕದ ಯೂಟಾ ಪ್ರಾಂತದ ಎಮ್ಮಾ ಬೆಳ್ಳಿಗಣಿಯ ಹೆಸರಿನಲ್ಲಿ ಹತ್ತು ಲಕ್ಷ ಪೌಂಡು ಬಂಡವಾಳದ ಕಂಪೆನಿಯನ್ನು ತೇಲಿಬಿಟ್ಟಾಗ, ನಿರ್ದೇಶಕರ ಪಟ್ಟಿಯಲ್ಲಿ ಅಮೆರಿಕದ ರಾಯಭಾರಿ ಶೆಂಕನ ಹೆಸರೇ ರಾರಾಜಿಸುತ್ತಿದ್ದಿತು. ಅದಿರಿನ ಸಮೃದ್ಧಿಗೆ ವಿಜ್ಞಾನಿ ಸಿಲಿಮನ್ನನ ವರದಿ ಸಾಕ್ಷಿ ನುಡಿದಿದ್ದಿತು. ಮೊದಮೊದಲು ತಿಂಗಳು ತಿಂಗಳು ಲಾಭಾಂಶವೂ ಬಂದಿತು; ಬಳಿಕ ಅದಿರೇ ಬರಿದಾಯಿತು.

ಮೋಸಹೋದವರನ್ನು ಲೋಭಿಗಳೆಂದು ಹಳಿಯುವುದು ರೂಢಿ. ನನಗಾದರೋ, ತಮ್ಮ ಹೆಸರನ್ನು ಎರವಲು ಕೊಟ್ಟ ಗಣ್ಯರ ಅಪರಾಧವೇ ಹೆಚ್ಚಿನದೆಂದು ತೋರುತ್ತದೆ. ಏಕೆಂದರೆ ಸಾಗರದಾಚೆಯ ನೆಲದಡಿಯನ್ನು ಕಾಣಲಾರದ ಗೃಹಸ್ಥನು ನೆಲದ ಮೇಲಣ ಮರ್ಯಾದಸ್ಥರ ಮುಖವನ್ನಲ್ಲದೆ ಬೇರೇನನ್ನು ನಂಬಿಯಾನು? ಗ್ರಾಂಟನಿಗೂ ಆ ಸಿರಿ ದಕ್ಕಲಿಲ್ಲ. ಕೆನ್ಸಿಂಗ್‌ಟನ್ನಿನಲ್ಲಿ ಕಟ್ಟಿಸಿದ ಅರಮನೆಯಲ್ಲಿ ಆತನು ವಾಸಿಸಲೇ ಇಲ್ಲ. ಸಾಲಕೊಟ್ಟವರ ಕೈಸೇರಿ ಅದು ನೆಲಸಮವಾದಾಗ, ಅದರ ಅಮೃತಶಿಲೆಯ ಸೋಪಾನವನ್ನು ಮದಾಮ್ ಟುಸಾಡರ ಮೇಣದ ಬೊಂಬೆಗಳ ಪ್ರದರ್ಶನಶಾಲೆಯವರು ಕೊಂಡೊಯ್ದರು.