ತಾಳ ತಿದ್ದುವ ಮುನ್ನ

ಕಳೆದ ವರ್ಷ ನಂಜನಗೂಡಿನ ದೊಡ್ಡ ಜಾತ್ರೆ ಮುಗಿದ ಮೇಲೆ, ತಿರುಮಕೂಡಲು ನರಸೀಪುರದ ಬಳಿಯ ಹಳ್ಳಿಯೊಂದರಲ್ಲಿ ಕಂಸಾಳೆಯ ಹಿರಿಯರೊಬ್ಬರು ಹಾಡಿದ ಮಾದಪ್ಪನ ಕಥೆಯನ್ನು ಧ್ವನಿಮುದ್ರಿಸಿಕೊಂಡು ಬಂದೆ. ನಂಜನಗೂಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಗಣಕಯಂತ್ರದಲ್ಲಿ ಧ್ವನಿಯನ್ನು ಶುದ್ಧಿಗೊಳಿಸುವುದರಲ್ಲಿ ನಿಪುಣ. ಅವನು ಗಾಳಿಯ ಸದ್ದನ್ನು ತೆಗೆದುದಲ್ಲದೆ, ಮೇಷ್ಟರ ಮೇಲಿನ ಪ್ರೀತಿಯಿಂದ ತಾಳವನ್ನೂ ತಿದ್ದಿ ಕೊಟ್ಟ. ಕೇಳಲು ಅಚ್ಚುಕಟ್ಟಾಗಿತ್ತು, ನಾನೂ ಮೆಚ್ಚಿದೆ. ಆದರೆ ಅದನ್ನು ಹಿರಿಯರಿಗೆ ಕೇಳಿಸಿದಾಗ, ಅವರು ಕೊನೆಯವರೆಗೂ ತಲೆತಗ್ಗಿಸಿ ಕುಳಿತಿದ್ದು, “ದನಿ ನಂದೇಯ ಮೇಷ್ಟ್ರೆ. ಸೊಲ್ಲು ಹಿಡಿಯೋರಿಗೆ ಅಂತ ನಾನು ವಸಿ ತಡೀತೀನಲ್ಲ, ಅದೆಲ್ಲೋಯ್ತು?” ಎಂದರು.

ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಈ ತಿದ್ದುಪಡಿಯ ಬಗೆ ಸರಳವಾದುದು. ಧ್ವನಿಯ ಅಲೆಯಲ್ಲಿ ಪ್ರತಿಯೊಂದು ಪೆಟ್ಟೂ ಎಲ್ಲಿ ಏಳುತ್ತದೆಂಬುದನ್ನು ತಂತ್ರಾಂಶ ಗುರುತಿಸುತ್ತದೆ. ನಾವು ಗೊತ್ತುಮಾಡಿದ ಕಾಲಪ್ರಮಾಣಕ್ಕೆ ಸಮದೂರದ ಗೆರೆಗಳನ್ನು ಎಳೆಯುತ್ತದೆ. ಬಳಿಕ ಪೆಟ್ಟನ್ನು ಹತ್ತಿರದ ಗೆರೆಗೆ ಸರಿಸಿ, ನಡುವಣ ನಾದವನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಹೊಂದಿಸುತ್ತದೆ. ನಿಮಿಷಕ್ಕೆ 60 ಅಕ್ಷರಗಳ ನಡೆಯಲ್ಲಿ ಅಕ್ಷರಕ್ಕೆ ನಾಲ್ಕು ಗೆರೆಗಳಾದರೆ, ಗೆರೆಗೂ ಗೆರೆಗೂ ಅಂತರ ಕಾಲು ಸೆಕೆಂಡು. ಹಿರಿಯರು ತಡೆದದ್ದು ಅದಕ್ಕಿಂತಲೂ ಕಡಮೆ. ಯಂತ್ರದ ಲೆಕ್ಕದಲ್ಲಿ ಅದು ತಪ್ಪು. ಅಲ್ಲದೆ ಹಾಡು, ಕಂಸಾಳೆ ಎರಡೂ ಒಂದೇ ಮೈಕಿನಲ್ಲಿ ಸೇರಿದ್ದುದರಿಂದ, ಕೊರಳನ್ನು ಸರಿಸಿದಲ್ಲೆಲ್ಲ ಕಂಚಿನ ಅನುರಣನವೂ ಎಳೆದಾಡಲ್ಪಟ್ಟಿತ್ತು.

ಯಂತ್ರಕ್ಕೆ ಇಲ್ಲಿ ಕೆಲಸವೇ ಇಲ್ಲವೆಂದು ನಾನು ಹೇಳಲಾರೆ. ಸೆಕೆಂಡಿಗೆ 44,100 ಮಾದರಿಗಳಂತೆ ಧ್ವನಿಯನ್ನು ಸ್ವೀಕರಿಸುವ ಗಣಕವು ಒಮ್ಮೆಗೆ 512 ಮಾದರಿಗಳನ್ನು ಕೂಡಿಟ್ಟುಕೊಂಡರೆ, ಅಷ್ಟರಿಂದಲೇ ಸೆಕೆಂಡಿನ ಸಾವಿರದಲ್ಲಿ ಸುಮಾರು 12 ಭಾಗ ತಡವಾಗುತ್ತದೆ. ಮೃದಂಗವನ್ನು ಒಂದು ದಿನ, ಹಾಡನ್ನು ಇನ್ನೊಂದು ದಿನ ಮುದ್ರಿಸಿ ಜೋಡಿಸುವಾಗ ಇಂತಹ ವ್ಯತ್ಯಾಸಗಳನ್ನು ಸರಿಪಡಿಸಲೇಬೇಕು. ಯಂತ್ರ ತಂದ ತಪ್ಪನ್ನು ಯಂತ್ರ ತಿದ್ದಲಿ, ಅದು ನ್ಯಾಯ.

ತಿರುಮಕೂಡಲಿನ ಟಿ. ಚೌಡಯ್ಯನವರೂ ವಾದ್ಯವನ್ನು ಬದಲಿಸಿದವರೇ. ದೂರ ಕುಳಿತವರಿಗೂ ಕೇಳಲೆಂದು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದಾಗಿ ಮಾಡಿಕೊಂಡರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ಆದರೆ ಅವರು ಲಯವನ್ನು ಕಲಿತದ್ದು ಬಿಡಾರಂ ಕೃಷ್ಣಪ್ಪನವರ ಎದುರಿನಲ್ಲಿ ಕುಳಿತು. ತಾಳಕ್ಕಿಂತ ಮುಂಚೆಯೋ ಅನಂತರವೋ ಹಾಡು ಏಳುವ ಅತೀತ, ಅನಾಗತ ಎಡುಪುಗಳನ್ನು ಶಾಸ್ತ್ರವೇ ಹೆಸರಿಟ್ಟು ಗೌರವಿಸಿದೆ. ಅವಾದರೂ ಲೆಕ್ಕಕ್ಕೆ ಸಿಗುವಂಥವು. ಕಂಸಾಳೆಯವರು ಜೊತೆಗಾರರಿಗಾಗಿ ತಡೆಯುವ ಆ ಕ್ಷಣ ಲೆಕ್ಕಕ್ಕೂ ಸಿಗದು. ಅದು ಹಾಡುವವರ ನಡುವಣ ಸೌಜನ್ಯ. ಅದನ್ನು ಅಳಿಸಿದರೆ ಮೇಳ ಹೋಗಿ, ಏಕಕಾಲದಲ್ಲಿ ಕೂಗುವ ನಾಲ್ಕು ಮಂದಿ ಉಳಿಯುತ್ತಾರೆ.

ನನ್ನ ಆತಂಕ ಈ ಒಂದು ಹಾಡಿಗಾಗಿ ಮಾತ್ರವಲ್ಲ. ಇಂದಿನ ಮಕ್ಕಳು ಗುರುವಿಗಿಂತ ಮೊದಲು ಮೊಬೈಲಿನಿಂದ ಹಾಡು ಕಲಿಯುತ್ತಾರೆ. ಗೆರೆ ಎಳೆದ ಹಾಡನ್ನಷ್ಟೇ ಕೇಳಿ ಬೆಳೆದ ಕಿವಿಗೆ, ನಾಳೆ ಹಿರಿಯರ ಹಾಡೇ ತಪ್ಪಾಗಿ ಕೇಳಿಸೀತು. ಆದುದರಿಂದ ಈ ಕೆಲಸ ಮಾಡುವವರಲ್ಲಿ ನನ್ನ ವಿನಂತಿಗಳು ಎರಡೇ: ಮೂಲವನ್ನು ಎಂದಿಗೂ ಅಳಿಸಬೇಡಿ; ತಿದ್ದುವ ಮೊದಲು, ಹಾಡಿದವರು ಬದುಕಿದ್ದರೆ, ಅವರನ್ನು ಒಂದು ಮಾತು ಕೇಳಿ.

ಪುಣ್ಯಕ್ಕೆ ನನ್ನ ವಿದ್ಯಾರ್ಥಿ ಮೂಲವನ್ನು ಉಳಿಸಿದ್ದ. ಈಗ ತರಗತಿಯಲ್ಲಿ ಅದನ್ನೇ ಕೇಳಿಸುತ್ತೇನೆ. ಮೊದಲ ದಿನ ಮಕ್ಕಳೆಲ್ಲರೂ ಅವಸರದಿಂದ ಮುಂದೆ ಹೋದರು. ನಾಲ್ಕನೆಯ ದಿನ, ಹಿರಿಯರು ತಡೆದ ಕಡೆ ಅವರೂ ತಡೆದು, ಒಟ್ಟಿಗೆ ಸೊಲ್ಲು ಹಿಡಿದರು.