ಕ್ಯಾನ್ಸರ್ ರೋಗಿಯ ಮನೆಗೆ ತಲುಪಬೇಕಾದ ಪಾಠ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಲ್ಲಿ ಕ್ಯಾನ್ಸರ್ ಪತ್ತೆಯಾದವರ ಚಿಕಿತ್ಸೆಯ ಹೆಚ್ಚಿನ ದಿನಗಳು ಕಳೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಶಸ್ತ್ರಚಿಕಿತ್ಸೆಗೆ, ಕಿಮೊಥೆರಪಿಗೆ, ವಿಕಿರಣ ಚಿಕಿತ್ಸೆಗೆ ಇಲ್ಲಿನ ಅನೇಕರು ಹುಬ್ಬಳ್ಳಿಗೆ ಹೋಗುತ್ತಾರೆ. ಕೆಲವರು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರೆಗೂ ಹೋಗುತ್ತಾರೆ. ಆದರೆ ಕಿಮೊಥೆರಪಿಯ ಎರಡು ಸರದಿಗಳ ನಡುವೆ ಅನೇಕ ವೇಳೆ ಮೂರು ವಾರಗಳ ಅಂತರವಿರುತ್ತದೆ. ಅದರಲ್ಲಿ ಆಸ್ಪತ್ರೆಯ ಪಾಲು ಒಂದೆರಡು ದಿನ. ಉಳಿದದ್ದೆಲ್ಲ ಹಳ್ಳಿಯ ಪಡಸಾಲೆಯದು. ಜ್ವರ, ವಾಂತಿ, ಬಾಯಿಹುಣ್ಣು, ಭಯ ಬರುವುದು ಆ ದಿನಗಳಲ್ಲೇ. ಬಂದಾಗ ಏನು ಮಾಡಬೇಕೆಂದು ಹೇಳುವವರು ಮಾತ್ರ ಅಲ್ಲಿರುವುದಿಲ್ಲ.

ಜ್ವರದ ವಿಷಯವನ್ನೇ ನೋಡೋಣ. ಕಿಮೊಥೆರಪಿಯ ಔಷಧಗಳು ರಕ್ತದ ಬಿಳಿಕಣಗಳನ್ನು ತಗ್ಗಿಸುತ್ತವೆ. ಅಂಥ ರೋಗಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ಜ್ವರ ಬಂದರೆ ಅದು ಸಾಮಾನ್ಯ ಜ್ವರವಲ್ಲ, ಗಂಟೆಗಳ ಲೆಕ್ಕದಲ್ಲಿ ಜೀವಕ್ಕೇ ಎರವಾಗಬಲ್ಲ ಸೋಂಕಿನ ಮುನ್ಸೂಚನೆ. ಮನೆಯವರು ಮಾಡುವುದೇನು? ಮೆಡಿಕಲ್ ಶಾಪಿನ ಗುಳಿಗೆಯೊಂದನ್ನು ನುಂಗಿಸಿ, ಬೆಳಗಿನ ಬಸ್ಸಿಗೆ ನೋಡೋಣವೆಂದು ಮಲಗುತ್ತಾರೆ. ಇದನ್ನು ಅಜ್ಞಾನವೆಂದು ಜರೆಯುವುದು ಸುಲಭ. ಆದರೆ ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ವೈದ್ಯರು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದ್ದನ್ನು, ಆಗತಾನೇ ಕ್ಯಾನ್ಸರ್ ಎಂಬ ಪದ ಕೇಳಿ ಕುಸಿದ ಕುಟುಂಬ ನೆನಪಿಟ್ಟುಕೊಳ್ಳಲಿಲ್ಲವೆಂದು ದೂರುವುದು ನ್ಯಾಯವೇ? ಬಿಡುಗಡೆಯ ಚೀಟಿ ಇರುವುದಂತೂ ಇಂಗ್ಲಿಷಿನಲ್ಲಿ.

ವಿಡಿಯೊ ಶಿಕ್ಷಣದ ಪ್ರಯೋಜನವನ್ನು ನಾನು ಕಾಣುವುದು ಇಲ್ಲಿ. ಕ್ಯಾನ್ಸರಿಗೆ ಹೆದರಬೇಡಿ ಎಂಬ ಜಾಗೃತಿ ಚಿತ್ರಗಳು ಬೇಕಾದಷ್ಟು ಬಂದಿವೆ. ಬೇಕಾಗಿರುವುದು ರೋಗಿ ಮತ್ತು ಆರೈಕೆ ಮಾಡುವವರು ಮತ್ತೆ ಮತ್ತೆ ನೋಡಬಹುದಾದ, ಕೈಹಿಡಿದು ಕಲಿಸುವ ಪಾಠ: ಉಪ್ಪು, ಸೋಡಾ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸುವುದು ಹೇಗೆ, ಮೂಗಿನ ನಳಿಕೆಯಿಂದ ಆಹಾರ ಕೊಡುವುದು ಹೇಗೆ, ಸ್ತನದ ಶಸ್ತ್ರಚಿಕಿತ್ಸೆಯ ನಂತರ ತೋಳಿನ ವ್ಯಾಯಾಮ ಯಾವುದು, ಬಾಯಿಯ ಕ್ಯಾನ್ಸರಿಗೆ ವಿಕಿರಣ ಪಡೆದವರ ದವಡೆ ಬಿಗಿಯದಂತೆ ದಿನವೂ ಮಾಡಬೇಕಾದ್ದೇನು. ಇವನ್ನು ಕರಪತ್ರ ಓದಿ ಕಲಿಯಲಾಗದು, ನೋಡಿ ಕಲಿಯಬೇಕು.

ನಮ್ಮ ಜನ ವಿಕಿರಣ ಚಿಕಿತ್ಸೆಗೆ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಆ ಪದವೇ ಅರ್ಧ ಜೀವ ತೆಗೆಯುತ್ತದೆ. ಕೋಣೆ, ಯಂತ್ರ, ಮೇಜಿನ ಮೇಲೆ ಅಲುಗಾಡದೆ ಮಲಗಿ ಕೆಲವೇ ನಿಮಿಷಗಳಲ್ಲಿ ಎದ್ದು ಬರುವ ರೋಗಿ, ಇಷ್ಟನ್ನು ತೋರಿಸಿದರೆ ಭಯ ಬಹುಪಾಲು ಇಳಿಯುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಗರ್ಭಕಂಠದ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ ಒಟ್ಟು ಎಂಟು ವಾರಗಳೊಳಗೆ ಮುಗಿಯಬೇಕು. ಎಳೆದಷ್ಟೂ ಫಲ ಕುಗ್ಗುತ್ತದೆ. ಬಿತ್ತನೆ ಮುಗಿಸಿ ಬರುತ್ತೇವೆ, ಊರ ಜಾತ್ರೆ ಮುಗಿಸಿ ಬರುತ್ತೇವೆ ಎಂದು ನಡುವೆ ಎದ್ದುಹೋಗುವ ಹೆಣ್ಣುಮಕ್ಕಳಿಗೆ, ಅದಕ್ಕೂ ಹೆಚ್ಚಾಗಿ ಅವರ ಗಂಡಂದಿರಿಗೆ, ಈ ಲೆಕ್ಕ ಗೊತ್ತಾಗಬೇಕು.

ಈ ಭಾಗಕ್ಕೆ ಪರದೆಯ ಪಾಠ ಹೊಸದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಇಸ್ರೊ ಸಂಸ್ಥೆ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಮೂಲಕ ಕೃಷಿ, ಆರೋಗ್ಯದ ಪಾಠ ಹೇಳಿತು. ‘ಸೈಟ್’ ಎಂದು ಹೆಸರಾದ ಆ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ರೋಣದ ಪಕ್ಕದ ಬಾದಾಮಿ ಆಗ ವಿಜಾಪುರಕ್ಕೆ ಸೇರಿತ್ತು. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ವರ್ಷ ತುಂಬಿದ ಮೇಲೆ ಉಪಗ್ರಹ ಹಿಂತಿರುಗಿತು. ಮೂರು ದಶಕಗಳ ನಂತರ, 2006ರಲ್ಲಿ, ಬೆಂಗಳೂರಿನ ಮೈಕ್ರೊಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ‘ಡಿಜಿಟಲ್ ಗ್ರೀನ್’ ತದ್ವಿರುದ್ಧ ದಾರಿ ಹಿಡಿಯಿತು: ಊರಿನ ರೈತರನ್ನೇ ಚಿತ್ರಿಸಿ, ಅವರ ಮಾತಿನಲ್ಲೇ, ಸಣ್ಣ ಗುಂಪಿಗೆ ತೋರಿಸುವುದು, ಜತೆಗೆ ಒಬ್ಬ ವ್ಯಕ್ತಿ ನಿಂತು, ನಡುನಡುವೆ ವಿಡಿಯೊ ನಿಲ್ಲಿಸಿ ಪ್ರಶ್ನೆ ಕೇಳಿ ಉತ್ತರಿಸುವುದು. ಕರ್ನಾಟಕದ ಹಳ್ಳಿಗಳಲ್ಲಿ ನಡೆದ ಆರಂಭಿಕ ಪ್ರಯೋಗದಲ್ಲಿ, ಖರ್ಚು ಮಾಡಿದ ಪ್ರತಿ ರೂಪಾಯಿಗೆ ಇದು ಹಳೆಯ ವಿಸ್ತರಣಾ ಪದ್ಧತಿಗಿಂತ ಹತ್ತು ಪಟ್ಟು ಪರಿಣಾಮಕಾರಿಯೆಂದು ಸಂಶೋಧಕರು ವರದಿ ಮಾಡಿದರು. ಕ್ಯಾನ್ಸರ್ ಪಾಠಕ್ಕೂ ಈ ಮಾದರಿಯೇ ತಕ್ಕದ್ದು.

ಏಕೆಂದರೆ ರಾಜಧಾನಿಯ ಕನ್ನಡದಲ್ಲಿ, ರಾಜಧಾನಿಯ ಊಟದ ಪಟ್ಟಿಯೊಂದಿಗೆ ಬರುವ ವಿಡಿಯೊ ಗಜೇಂದ್ರಗಡದಲ್ಲಿ ಪರದೇಶಿಯಾಗುತ್ತದೆ. ಬಾಯೆಲ್ಲ ಹುಣ್ಣಾದವರಿಗೆ ಜೋಳದ ರೊಟ್ಟಿ, ರಂಜಕ ಬೇಡವೆಂದರೆ ಸಾಲದು. ಮಜ್ಜಿಗೆ ಬೆರೆಸಿದ ನುಚ್ಚು, ತೆಳುವಾಗಿ ಬೇಯಿಸಿದ ಹೆಸರುಬೇಳೆ, ಸಜ್ಜಕ ಆಗುತ್ತದೆಂದು ಇಲ್ಲಿನ ಅಡುಗೆಮನೆಯಲ್ಲೇ ತೋರಿಸಬೇಕು. ‘ಜ್ವರಾ ಬಂತಂದ್ರ ಮುಂಜಾನಿ ತನಕಾ ಕಾಯಬ್ಯಾಡ್ರಿ’ ಎಂದು ಚಿಕಿತ್ಸೆ ಮುಗಿಸಿದ ನೆರೆಯೂರಿನ ಹೆಂಗಸೊಬ್ಬಳು ಹೇಳಿದರೆ ಅದರ ತೂಕವೇ ಬೇರೆ. ಎಲೆಯ ಕಷಾಯದಿಂದ ಗಡ್ಡೆ ಕರಗಿಸುತ್ತೇವೆ ಎನ್ನುವವರ ವಿಡಿಯೊಗಳು ಅದೇ ಮೊಬೈಲಿಗೆ ಬರುತ್ತಿವೆ. ಅವರಿಗೆ ಜನರ ಮಾತು ಚೆನ್ನಾಗಿ ಬರುತ್ತದೆ.

ತಿಳಿವಳಿಕೆಯಿಂದ ಏನಾಗಬಲ್ಲದೆಂಬುದಕ್ಕೆ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ಬಾರ್ಸಿ ಸಾಕ್ಷಿ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾದದ್ದು ಅಲ್ಲಿ, 1987ರಲ್ಲಿ. ನೋಂದಣಿಯ ಸಿಬ್ಬಂದಿ ಹಳ್ಳಿಹಳ್ಳಿಗೆ ಹೋಗಿ ಮಾತನಾಡಿದ್ದರಿಂದ, ಗರ್ಭಕಂಠದ ಕ್ಯಾನ್ಸರನ್ನು ಆರಂಭದ ಹಂತದಲ್ಲೇ ತೋರಿಸಲು ಬಂದವರ ಪ್ರಮಾಣ ಹೆಚ್ಚಿತೆಂದು 1995ರಲ್ಲಿ ವರದಿ ಪ್ರಕಟವಾಯಿತು. ಆದರೆ ಬಾರ್ಸಿಯಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಇತ್ತು ಎಂಬುದನ್ನು ಮರೆಯಬಾರದು. ಗಜೇಂದ್ರಗಡದಿಂದ ಹುಬ್ಬಳ್ಳಿ ನೂರು ಕಿಲೋಮೀಟರಿಗೂ ದೂರ.

ವಿಡಿಯೊ ಮಾಡಿ ಕೈತೊಳೆದುಕೊಳ್ಳುವ ಅಪಾಯವೂ ಇದೆ. ಕ್ಯಾನ್ಸರಿನ ನೋವನ್ನು ತಾಳಿಕೊಳ್ಳಬೇಕಿಲ್ಲ, ಮಾರ್ಫಿನ್ ಗುಳಿಗೆಯಿಂದ ಅದನ್ನು ತಗ್ಗಿಸಬಹುದು ಎಂದು ಪರದೆಯ ಮೇಲೆ ಹೇಳಿ, ತಾಲ್ಲೂಕು ಆಸ್ಪತ್ರೆಯಲ್ಲಿ ಆ ಗುಳಿಗೆ ಇಲ್ಲವಾದರೆ ಅದಕ್ಕಿಂತ ಕ್ರೌರ್ಯವಿಲ್ಲ. ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ಆಸ್ಪತ್ರೆಗಳಿಗೆ ಮಾರ್ಫಿನ್ ಪರವಾನಗಿ ಪಡೆಯುವುದನ್ನು ಸರಳಗೊಳಿಸಲಾಯಿತು. 1980ರಲ್ಲಿ ರೈತ ಬಂಡಾಯ ಎದ್ದ, 2015ರಿಂದ ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತ ನರಗುಂದದಲ್ಲಿ ಈ ಗುಳಿಗೆಯೂ ಒಂದು ಬೇಡಿಕೆಯಾಗಬೇಕು.

ಎಲ್ಲಿ ತೋರಿಸಬೇಕೆಂಬುದೂ ಸೂಕ್ಷ್ಮ ಪ್ರಶ್ನೆಯೇ. ಪಂಚಾಯಿತಿ ಕಟ್ಟೆಯಲ್ಲಿ ಪ್ರದರ್ಶನ ಏರ್ಪಡಿಸಿದರೆ, ಯಾರ ಮನೆಯಲ್ಲಿ ರೋಗವಿದೆಯೆಂದು ಊರಿಗೆಲ್ಲ ಸಾರಿದಂತೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ಕಾಯಿಲೆ ಮುಚ್ಚಿಡುವ ಮನೆಗಳು ಕಡಿಮೆಯೇನಿಲ್ಲ. ಮೊಬೈಲಿಗೆ ಕಳಿಸಿದರೆ ಅದು ಮಗನ ಕೈಯಲ್ಲಿರುತ್ತದೆ, ತಾಯಿಗೆ ತಲುಪುವುದಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಹೋಗಿ ರೋಗಿಯ ಪಕ್ಕ ಕುಳಿತು ತೋರಿಸುವುದೊಂದೇ ಒಪ್ಪುವ ದಾರಿ.

2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿನ ತಪಾಸಣೆಗೆ ಕ್ಯಾನ್ಸರನ್ನೂ ಸೇರಿಸಲಾಗಿದೆ. 2025ರಲ್ಲಿ ಜಿಲ್ಲಾ ಮಟ್ಟದ ಹಗಲು ಕಿಮೊಥೆರಪಿ ಕೇಂದ್ರಗಳಿಗೂ ರಾಜ್ಯ ಸರ್ಕಾರ ಚಾಲನೆ ನೀಡಿತು. ಚಿಕಿತ್ಸೆ ಊರಿಗೆ ಹತ್ತಿರವಾದಷ್ಟೂ ಅಂದೇ ಮನೆಗೆ ಮರಳುವವರು ಹೆಚ್ಚುತ್ತಾರೆ, ಮನೆಯವರ ಹೊಣೆಯೂ ಹೆಚ್ಚುತ್ತದೆ. ಜ್ವರ, ಬಾಯಿಯ ಆರೈಕೆ, ಊಟ, ಸರದಿ ತಪ್ಪಿಸದಿರುವುದು, ನೋವು: ಈ ಐದು ಪಾಠಗಳನ್ನು ಹುಬ್ಬಳ್ಳಿಯ ವೈದ್ಯರು ಪರಿಶೀಲಿಸಿ, ರೋಣದಲ್ಲೇ ಚಿತ್ರಿಸಿದರೆ ಆರಂಭಕ್ಕೆ ಸಾಕು, ಅದಕ್ಕೆ ತಗಲುವ ಹಣ ದೊಡ್ಡದೇನಲ್ಲ. ದೊಡ್ಡ ಲೆಕ್ಕವಿರುವುದು ಆಶಾ ಕಾರ್ಯಕರ್ತೆಯರದು. 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕುಳಿತಿದ್ದವರು ಅವರೇ. ಪ್ರತಿ ಕ್ಯಾನ್ಸರ್ ಮನೆಯ ಭೇಟಿಗೆ ಅವರಿಗೆ ಎಷ್ಟು ಕೊಡಲಾಗುವುದೆಂಬುದನ್ನು ಆರೋಗ್ಯ ಇಲಾಖೆ ಮೊದಲು ಗೊತ್ತುಪಡಿಸಲಿ. ಕ್ಯಾಮೆರಾ ಆಮೇಲೆ ಬರಲಿ.